ಬಿದ್ದ ಕೊಂಬು ಯಾರದ್ದು?

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ಚಳಿಗಾಲ ಮುಗಿದ ಮೇಲೆ ಬರೆಯೋಣ ಅಂತಿದ್ದೆ. ಇಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಚಳಿಗಾಲ ಮುಗಿಯೋದೇ ಇಲ್ಲ ಅನ್ನೋದು ಬೇರೆ ಮಾತು. ಈಗ ಬರೆಯಲೇಬೇಕು ಅನ್ನಿಸಿದ್ದು ಒಂದು ಫೋಟೋ ನೋಡಿ. ನಮ್ಮೂರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಗೆಳೆಯನೊಬ್ಬ ಹಾಕಿದ್ದು. ಹಿಮದಲ್ಲಿ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಒಂದು ಮೂಸ್ ಕೊಂಬನ್ನ ಎತ್ತಿ ಹಿಡಿದು, ಥೇಟ್ ಶಿವಧನುಸ್ಸು ಎತ್ತಿದ ರಾಮನ ಹಾಗೆ ನಗ್ತಿದಾನೆ. ಕೆಳಗೆ ಸಾಲು ಸಾಲು ಹೆಬ್ಬೆಟ್ಟು. "ಮುಂದಿನ ಶನಿವಾರ ಎಲ್ಲ ಸೇರಿ ಹೋಗೋಣ, ಯಾರ್ಯಾರು ಬರ್ತೀರಾ?" ಅಂತ ಪ್ರಶ್ನೆ ಬೇರೆ. ನಾನು ಬರಲ್ಲ ಅಂದೆ. "ಯಾಕೆ ಗುರೂ, ಬಿದ್ದಿರೋ ಕೊಂಬು ತಾನೇ, ಯಾರಪ್ಪನ ಗಂಟು ಹೋಗತ್ತೆ?" ಅಂದ. ವಾಟ್ಸಾಪಿನಲ್ಲಿ ಉತ್ತರಿಸೋಕೆ ಆಗದಷ್ಟು ಉದ್ದ ಇದೆ ಅದು. ಹಾಗಾಗಿ ಇಲ್ಲಿ.

ಮೂಸ್ ನೋಡದವರಿಗೆ ಮೊದಲು ಅದರ ಪರಿಚಯ ಮಾಡಿಸ್ತೀನಿ. (ಕನ್ನಡದಲ್ಲಿ 'ಮೂಸು' ಅಂದ್ರೆ ಬೇರೆ ಅರ್ಥ ಬರತ್ತೆ, ಆದರೆ ಆ ಪ್ರಾಣಿಯ ಮೂತಿ ನೋಡಿದರೆ ಆ ಹೆಸರೂ ತಪ್ಪಲ್ಲ ಅನ್ನಿಸತ್ತೆ :) ) ಜಿಂಕೆ ಜಾತಿಯಲ್ಲೆಲ್ಲ ಅತಿ ದೊಡ್ಡದು. ನಮ್ಮ ಕಾಟಿಯ ಮೈಗೆ ಒಂಟೆಯ ಕಾಲು ಜೋಡಿಸಿ, ಕತ್ತೆಯ ಮೂತಿಯನ್ನ ಇನ್ನೊಂದು ಗೇಣು ಎಳೆದು, ಗಂಟಲ ಕೆಳಗೆ ಒಂದು ಕೂದಲಿನ ಚೀಲ ನೇತು ಹಾಕಿದರೆ ಹೇಗೋ ಹಾಗಿದೆ. ಹೆಗಲೇ ಆರಡಿ ಎತ್ತರ. ಹೆಸರು ಇಲ್ಲಿನ ಮೂಲನಿವಾಸಿಗಳ ಅಲ್ಗಾಂಕ್ವಿಯನ್ ಭಾಷೆಗಳದ್ದು. ಮರದ ತೊಗಟೆ ಸುಲಿದು ತಿನ್ನೋದು ಅನ್ನೋ ಅರ್ಥದ ಪದ ಅಂತಾರೆ. ನೋಡೋಕೆ ಪೆದ್ದು ಪೆದ್ದಾಗಿದ್ದರೂ ಓಡೋಕೆ, ಈಜೋಕೆ ನಿಂತರೆ ಅದನ್ನ ಹಿಡಿಯೋಕಾಗಲ್ಲ. ಬೇಸಿಗೆಯಲ್ಲಿ ಕೆರೆಯಲ್ಲಿ ತಲೆ ಪೂರ್ತಿ ಮುಳುಗಿಸಿ ತಳದ ಗಿಡ ಕಿತ್ತು ತಿನ್ನತ್ತೆ. ಆ ನೀರಿನ ಗಿಡಗಳಲ್ಲಿ ಸೋಡಿಯಂ ಜಾಸ್ತಿ ಅಂತ.

ಆ ಉಪ್ಪಿನ ಆಸೆಯಿಂದಲೇ ನಮ್ಮಂಥವರಿಗೆ ಅದರ ದರ್ಶನ ಆಗೋದು. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಕರಗಿ ಪಕ್ಕದ ಹಳ್ಳಕ್ಕೆ ಸೇರಿರತ್ತೆ. ಮೇ, ಜೂನ್ ತಿಂಗಳಲ್ಲಿ ಆ ಕೆಸರು ನೀರು ಕುಡಿಯೋಕೆ ಮೂಸ್‌ಗಳು ರಸ್ತೆ ಬದಿಗೆ ಬರ್ತವೆ. ಮನೆಯಿಂದ ಮೂರೂವರೆ ಗಂಟೆ ಉತ್ತರಕ್ಕೆ ಡ್ರೈವ್ ಮಾಡಿದರೆ ಎರ್ರಲ್ ಅನ್ನೋ ಪುಟ್ಟ ಊರು. ಅದಕ್ಕೆ ಮುಂಚೆ ಆಂಡ್ರೋಸ್ಕಾಗಿನ್ ನದಿಯ ದಂಡೆಯಲ್ಲೇ ಸಾಗೋ ರೂಟ್ 16ರಲ್ಲಿ 'ಹದಿಮೂರು ಮೈಲಿ ಕಾಡು' ಅಂತ ಒಂದು ಜಾಗ ಇದೆ. ಸಂಜೆ ಏಳೂವರೆಯ ಹೊತ್ತಿಗೆ ಅಲ್ಲಿ ನಿಧಾನಕ್ಕೆ ಗಾಡಿ ಓಡಿಸೋದೇ ಒಂದು ಸುಖ. ಮಗಳು ಹಿಂದಿನ ಸೀಟಿನಲ್ಲಿ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿರ್ತಾಳೆ. ಪ್ರತಿಯೊಂದು ಬಿದ್ದ ಮರದ ಬೇರೂ ಮೂಸ್ ಹಾಗೇ ಕಾಣತ್ತೆ. "ಮೂಸ್! ಮೂಸ್!" ಅಂತ ಹತ್ತು ಸಲ ಕೂಗಿ ಹನ್ನೊಂದನೇ ಸಲ ನಿಜವಾಗಿ ಅಲ್ಲಿ ನಿಂತಿದ್ದಾಗ ಮಾತೇ ಹೊರಡಲ್ಲ ಅವಳಿಗೆ. ಇಲ್ಲಿ ರಸ್ತೆ ಬದಿ 'ಮೂಸ್‌ಗೆ ಬ್ರೇಕ್ ಹಾಕಿ' ಅಂತ ಬೋರ್ಡು ಹಾಕಿರ್ತಾರೆ. ತಮಾಷೆಯಲ್ಲ. ಕಾರು ಗುದ್ದಿದರೆ ಬಂಪರ್ ತಾಗೋದು ಅದರ ಕಾಲಿಗೆ, ನಾನೂರು ಕೇಜಿಯ ಮೈ ಬಂದು ಬೀಳೋದು ನಮ್ಮ ಗಾಜಿನ ಮೇಲೆ. ಕಣ್ಣು ಹೆಡ್‌ಲೈಟಿನ ಬೆಳಕಿಗಿಂತ ಮೇಲಿರೋದ್ರಿಂದ ಕತ್ತಲೆಯಲ್ಲಿ ಹೊಳೆಯೋದೂ ಕಮ್ಮಿ.

ಈಗ ಕೊಂಬಿನ ವಿಷಯಕ್ಕೆ ಬರೋಣ. ನಮ್ಮ ಎಮ್ಮೆ, ದನದ ಕೊಂಬು ಹುಟ್ಟಿದ ಮೇಲೆ ಸಾಯೋ ತನಕ ಇರತ್ತೆ. ಒಳಗೆ ಎಲುಬು, ಮೇಲೆ ಉಗುರಿನಂಥ ಕವಚ. ಜಿಂಕೆ ಜಾತಿಯದ್ದು ಹಾಗಲ್ಲ. ಅದು ಪೂರ್ತಿ ಎಲುಬು, ಮತ್ತು ಪ್ರತಿ ವರ್ಷ ಹೊಸದು. ಗಂಡು ಮೂಸ್‌ಗೆ ಏಪ್ರಿಲ್ ಹೊತ್ತಿಗೆ ಚಿಗುರೋಕೆ ಶುರುವಾದರೆ ಆಗಸ್ಟ್ ಕೊನೆಯೊಳಗೆ ಹರಿವಾಣದಗಲ ಹರಡಿ ನಿಂತಿರತ್ತೆ. ಅಷ್ಟು ಬೇಗ ಬೆಳೆಯೋ ಎಲುಬು ಪ್ರಾಣಿ ಲೋಕದಲ್ಲಿ ಕಮ್ಮಿ. ಬೆಳೆಯೋವಾಗ ಮೇಲೆ ಮಖಮಲ್ಲಿನಂಥ ಚರ್ಮ, ಒಳಗೆ ರಕ್ತ ಹರೀತಿರತ್ತೆ. ಸೆಪ್ಟೆಂಬರಿನಲ್ಲಿ ಆ ಚರ್ಮ ಉಜ್ಜಿ ಕಿತ್ತು ಹಾಕಿ, ಅಕ್ಟೋಬರಿನ ತನಕ ಹೆಣ್ಣಿಗಾಗಿ ಕಾದಾಟ. ಆ ಗಲಾಟೆ ಮುಗಿದ ಮೇಲೆ ಮೈಯಲ್ಲಿ ಹಾರ್ಮೋನ್ ಇಳಿಯತ್ತೆ, ಕೊಂಬಿನ ಬುಡದಲ್ಲಿ ಎಲುಬು ತಾನೇ ಕರಗತ್ತೆ, ಒಂದು ದಿನ ಟಕ್ ಅಂತ ಉದುರತ್ತೆ. ದೊಡ್ಡ ಗಂಡುಗಳದ್ದು ನವೆಂಬರ್, ಡಿಸೆಂಬರಿನಲ್ಲೇ. ಚಿಕ್ಕವು ಫೆಬ್ರವರಿ, ಮಾರ್ಚಿನ ತನಕವೂ ಹೊತ್ತುಕೊಂಡು ತಿರುಗ್ತವೆ. ಎರಡೂ ಒಟ್ಟಿಗೆ ಬೀಳಬೇಕು ಅಂತಿಲ್ಲ. ಒಂದು ಇಲ್ಲಿ, ಇನ್ನೊಂದು ಎಲ್ಲೋ ಮೈಲಿಗಳಾಚೆ. ಜೋಡಿ ಸಿಕ್ಕಿದರೆ ಲಾಟರಿ ಹೊಡೆದ ಹಾಗೆ.

ಬಿದ್ದ ಕೊಂಬು ಕಾಡಿನಲ್ಲಿ ಸುಮ್ಮನೆ ಬಿದ್ದಿರಲ್ಲ. ಇಲಿ, ಅಳಿಲು, ಮುಳ್ಳುಹಂದಿ ಎಲ್ಲ ಬಂದು ಕ್ಯಾಲ್ಸಿಯಂಗಾಗಿ ಕಡೀತವೆ. ಮೊದಲ ವರ್ಷ ಕಂದು ಬಣ್ಣ, ಆಮೇಲೆ ಬಿಸಿಲಿಗೆ ಬೆಳ್ಳಗಾಗಿ, ಬಿರುಕು ಬಿಟ್ಟು, ಸುಣ್ಣದ ಹಾಗೆ ಪುಡಿಯಾಗಿ ಪಾಚಿಯ ಒಳಗೆ ಸೇರಿ ಹೋಗತ್ತೆ. ಇಲ್ಲಿ ಕೊಂಬು ಕೊಳ್ಳೋ ವ್ಯಾಪಾರಿಗಳೂ ಬಣ್ಣ ನೋಡಿಯೇ ರೇಟು ಹೇಳೋದು. ಕಂದು ಇದ್ದರೆ ಒಂದು ರೇಟು, ಬಿಳಿಗೆ ಅದಕ್ಕಿಂತ ಕಮ್ಮಿ, ಸುಣ್ಣಕ್ಕೆ ಇನ್ನೂ ಕಮ್ಮಿ. ಚಾಕು ಹಿಡಿಕೆ, ದೀಪದ ಗೊಂಚಲು, ನಾಯಿ ಕಡಿಯೋ ತುಂಡು ಎಲ್ಲ ಮಾಡ್ತಾರೆ. ಹೀಗಾಗಿ ಕಂದು ಕೊಂಬು ಬೇಕು ಅಂದ್ರೆ ಬೇರೆಯವರಿಗಿಂತ, ಇಲಿಗಿಂತ ಮುಂಚೆ ಹೋಗಬೇಕು. ಮುಂಚೆ ಅಂದ್ರೆ ಹಿಮ ಕರಗೋಕೆ ಮುಂಚೆ. ನನ್ನ ತಕರಾರು ಇರೋದು ಇಲ್ಲೇ.

ನಾನೇನು ಸಾಚಾ ಅಲ್ಲ. ನಾಲ್ಕು ವರ್ಷದ ಹಿಂದೆ, ಮಾರ್ಚ್ ಕೊನೆಯ ವಾರ, ಇದೇ ಗೆಳೆಯನ ಜೊತೆ ನಾನೂ ಹೋಗಿದ್ದೆ. ಕಾಲಿಗೆ ಸ್ನೋಶೂ ಕಟ್ಟಿಕೊಂಡು, ಬೆನ್ನಿಗೆ ಪುಳಿಯೋಗರೆ ಕಟ್ಟಿಕೊಂಡು. ಮರ ಕಡಿದು ಹತ್ತು ವರ್ಷ ಆಗಿರೋ, ಎಳೇ ಗಿಡ ಎದ್ದಿರೋ ಜಾಗದಲ್ಲಿ ಚಳಿಗಾಲದಲ್ಲಿ ಮೂಸ್ ಇರ್ತವೆ ಅಂತ ಯಾವುದೋ ವಿಡಿಯೋ ನೋಡಿ ಕಲಿತಿದ್ವಿ. ಹೆಜ್ಜೆ ಸಿಕ್ತು. ಹೊಸ ಹೆಜ್ಜೆ, ಹೊಸ ಹಿಕ್ಕೆ. ಅದರ ಜಾಡು ಹಿಡಿದು ಹೋದರೆ ಕೊಂಬು ಸಿಗಬಹುದು ಅಂತ ಲೆಕ್ಕ. ಒಂದು ಗಂಟೆ ನಡೆದಿರಬಹುದು. ಸ್ಪ್ರೂಸ್ ಮರಗಳ ಮರೆಯಿಂದ ಅದು ಎದ್ದು ನಿಂತಿತು. ಮೂವತ್ತು ಅಡಿ ಕೂಡ ಇರಲಿಲ್ಲ.

ನಾನು ನೋಡಿದ್ದು ಕ್ಯಾಲೆಂಡರಿನ ಮೂಸ್ ಅಲ್ಲ. ಕುತ್ತಿಗೆ, ಹೆಗಲಿನ ಮೇಲೆ ಕೂದಲೇ ಇಲ್ಲ. ಉಜ್ಜಿ ಉಜ್ಜಿ ಮುರಿದು ಬೆಳ್ಳಗೆ ಕಾಣ್ತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಹಿಂದೆ ಒಂದು ಕರು, ಅದರದ್ದು ಇನ್ನೂ ಕೆಟ್ಟ ಸ್ಥಿತಿ. ಹೆಣ್ಣು ಮೂಸ್, ಕೊಂಬು ಇರೋ ಪ್ರಶ್ನೆಯೇ ಇಲ್ಲ! ನಾವು ಇಬ್ಬರು ಬುದ್ಧಿವಂತರು ಒಂದು ಗಂಟೆ ಹೆಣ್ಣಿನ ಜಾಡು ಹಿಡಿದು ಕೊಂಬು ಹುಡುಕ್ತಿದ್ವಿ. ಅದು ಕಿವಿ ಹಿಂದೆ ಮಡಚಿತು, ಒಂದು ಕ್ಷಣ ನಮ್ಮ ಮೇಲೇ ಬರತ್ತೆ ಅಂದುಕೊಂಡೆ. ಬರಲಿಲ್ಲ. ತಿರುಗಿ ಎದೆಮಟ್ಟದ ಹಿಮದಲ್ಲಿ ಧುಮುಕಿ ಧುಮುಕಿ ಮೇಲಕ್ಕೆ ಹೋಯ್ತು. ಕರು ಎರಡು ಸಲ ಕುಸಿದು ಎದ್ದಿತು. ಅವು ಮಲಗಿದ್ದ ಜಾಗದಲ್ಲಿ ಹೋಗಿ ನೋಡಿದರೆ ಹಿಮದ ಮೇಲೆ ರಕ್ತದ ಚುಕ್ಕಿಗಳು, ಅವುಗಳ ಮಧ್ಯೆ ದ್ರಾಕ್ಷಿ ಗಾತ್ರದ ಬೂದು ಕಾಳುಗಳು.

ಉಣುಗು.

ಸೊರಬ, ಸಾಗರದ ಕಡೆಯವರಿಗೆ ಉಣುಗು ಅಂದ್ರೆ ಮೈ ಜುಂ ಅನ್ನತ್ತೆ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು, ಅದನ್ನ ಹರಡೋದೂ ಉಣುಗೇ. ಚಿಕ್ಕವನಿದ್ದಾಗ ಸೊಪ್ಪಿಗೆ ಹೋಗಿ ಬಂದರೆ ಅಮ್ಮ ಬಚ್ಚಲಲ್ಲಿ ನಿಲ್ಲಿಸಿ ಮೈಯೆಲ್ಲ ಹುಡುಕ್ತಿದ್ದಳು. ಇಲ್ಲಿನ ಚಳಿಗಾಲದ ಉಣುಗು ಬೇರೆ ಜಾತಿ. ಮನುಷ್ಯರಿಗೆ ಅಷ್ಟೇನೂ ತಂಟೆಯಿಲ್ಲ. ಶರತ್ಕಾಲದಲ್ಲಿ ಮರಿಗಳು ಗಿಡದ ತುದಿಯಲ್ಲಿ ಒಂದಕ್ಕೊಂದು ಕಾಲು ಹೆಣೆದುಕೊಂಡು ಕಾಯ್ತವೆ. ಮೂಸ್ ಒಂದು ಸಲ ಸವರಿಕೊಂಡು ಹೋದರೆ ಸಾವಿರಗಟ್ಟಲೆ ಹತ್ತತ್ತೆ. ಚಳಿಗಾಲ ಪೂರ್ತಿ ಅದೇ ಪ್ರಾಣಿಯ ಮೇಲೆ ವಾಸ. ಮಾರ್ಚ್, ಏಪ್ರಿಲಿನಲ್ಲಿ ಹೆಣ್ಣು ಉಣುಗುಗಳು ಹೊಟ್ಟೆ ತುಂಬ ರಕ್ತ ಕುಡಿದು ಉದುರ್ತವೆ. ಒಂದು ಮೂಸ್ ಮೇಲೆ ಮೂವತ್ತು ಸಾವಿರದಿಂದ ತೊಂಬತ್ತು ಸಾವಿರದ ತನಕ ಲೆಕ್ಕ ಹಾಕಿದ್ದಾರೆ. ಸಾಮಾನ್ಯ ಜಿಂಕೆ ಮೈ ನೆಕ್ಕಿ ಕಿತ್ತು ಹಾಕತ್ತೆ, ಮೂಸ್‌ಗೆ ಆ ಅಭ್ಯಾಸ ಕಮ್ಮಿ. ಕೂದಲು ಹೋಗಿ ಬೆಳ್ಳಗಾದ ಮೂಸ್‌ಗೆ ಇಲ್ಲಿನವರು 'ದೆವ್ವದ ಮೂಸ್' ಅಂತಾರೆ. ಪಕ್ಕದ ಮೇಯ್ನ್ ರಾಜ್ಯದಲ್ಲಿ 2022ರಲ್ಲಿ ರೇಡಿಯೋ ಪಟ್ಟಿ ಕಟ್ಟಿದ್ದ ಕರುಗಳಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಆ ಚಳಿಗಾಲ ದಾಟಲಿಲ್ಲ. ನ್ಯೂ ಹ್ಯಾಂಪ್‌ಶೈರಿನಲ್ಲಿ 1990ರ ದಶಕದ ಕೊನೆಗೆ ಏಳು ಸಾವಿರಕ್ಕೂ ಮೇಲಿದ್ದ ಮೂಸ್ ಈಗ ಅದರ ಅರ್ಧ.

ಕಾರಣ ಕೊಂಬು ಹುಡುಕೋರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಹಿಮ ತಡವಾಗಿ ಬೀಳ್ತಿದೆ. ಅಕ್ಟೋಬರ್, ನವೆಂಬರ್ ಬೆಚ್ಚಗಿದ್ದಷ್ಟೂ ಉಣುಗಿಗೆ ಮೂಸ್ ಸಿಗೋ ದಿನ ಜಾಸ್ತಿ. ವಸಂತದಲ್ಲಿ ಹಿಮ ಬೇಗ ಕರಗಿದರೆ ಉದುರಿದ ಉಣುಗು ಸಾಯಲ್ಲ, ಮೊಟ್ಟೆ ಇಡತ್ತೆ. ಇದಕ್ಕೆ ನನ್ನ ಗೆಳೆಯನೂ ಕಾರಣ, ನಾನೂ ಕಾರಣ, ವಾರಾಂತ್ಯಕ್ಕೆ ಮೂಸ್ ನೋಡೋಕೆ ಏಳು ಗಂಟೆ ಕಾರು ಓಡಿಸೋ ನನ್ನ ಹುಚ್ಚೂ ಕಾರಣ. ಕೊಂಬು ಎತ್ತಿಕೊಂಡು ಬಂದರೆ ಕಾನೂನು ಪ್ರಕಾರ ಇಲ್ಲಿ ತಪ್ಪೂ ಅಲ್ಲ (ನ್ಯಾಷನಲ್ ಪಾರ್ಕುಗಳಲ್ಲಿ ಮಾತ್ರ ಮುಟ್ಟೋ ಹಾಗಿಲ್ಲ). ಆದರೆ ಮಾರ್ಚ್ ಕೊನೆಯಲ್ಲಿ ಆ ಪ್ರಾಣಿಯ ಸ್ಥಿತಿ ಯೋಚಿಸಿ. ಐದು ತಿಂಗಳಿಂದ ಬರೀ ಕಡ್ಡಿ, ತೊಗಟೆ ತಿಂದು ಕೊಬ್ಬೆಲ್ಲ ಕರಗಿದೆ. ಮೈಯ ರಕ್ತವನ್ನ ಉಣುಗು ಕುಡೀತಿದೆ. ಹೆಣ್ಣಿನ ಹೊಟ್ಟೆಯಲ್ಲಿ ಮೇ ತಿಂಗಳಲ್ಲಿ ಹುಟ್ಟೋ ಮರಿ ಇದೆ. ಆಗ ಅದಕ್ಕಿರೋ ಒಂದೇ ಉಪಾಯ ಅಲ್ಲಾಡದೆ ಮಲಗಿರೋದು. ನಾವು ಹೋಗಿ ಎಬ್ಬಿಸಿ ಓಡಿಸ್ತೀವಿ, ನಾಯಿ ಕರಕೊಂಡು ಹೋದರಂತೂ ಕೇಳೋದೇ ಬೇಡ. ಯಾತಕ್ಕೆ? ಎರಡು ತಿಂಗಳು ಕಾದರೂ ಅಲ್ಲೇ ಬಿದ್ದಿರೋ ಒಂದು ಎಲುಬಿಗೆ.

ಪಶ್ಚಿಮದ ಕಡೆ ಇದಕ್ಕೆ ಕಾನೂನೇ ಇದೆ. ಕೊಲರಾಡೋದಲ್ಲಿ ರಾಜ್ಯದ ಪಶ್ಚಿಮ ಭಾಗದ ಸಾರ್ವಜನಿಕ ಜಮೀನಿನಲ್ಲಿ ಜನವರಿ 1ರಿಂದ ಏಪ್ರಿಲ್ 30ರ ತನಕ ಕೊಂಬು ಎತ್ತೋ ಹಾಗಿಲ್ಲ. ವಯೋಮಿಂಗ್‌ನಲ್ಲೂ ಹೆಚ್ಚು ಕಮ್ಮಿ ಹಾಗೇ, ಮೇ 1 ಬರಲಿ ಅಂತ ಜನ ಕಾಡಿನ ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯ್ತಾರಂತೆ. ಯೂಟಾದಲ್ಲಿ ಸೀಸನ್ನಿನಲ್ಲಿ ಕೊಂಬಿಗೆ ಹೋಗೋರು ಮೊದಲು ಆನ್‌ಲೈನ್ ಪಾಠ ಓದಿ ಸರ್ಟಿಫಿಕೇಟ್ ತಗೋಬೇಕು. 2023ರಲ್ಲಿ ಹಿಮ ವಿಪರೀತ ಬಿದ್ದಾಗ ಮೇ ತನಕ ಪೂರ್ತಿ ನಿಲ್ಲಿಸಿಬಿಟ್ಟಿದ್ರು. ಅಲ್ಲಿ ಎಲ್ಕ್, ಜಿಂಕೆಗಳು ಚಳಿಗಾಲದಲ್ಲಿ ಸಾವಿರಗಟ್ಟಲೆ ಒಂದೇ ಕಡೆ ಸೇರ್ತವೆ, ನಮ್ಮ ಮೂಸ್ ಒಂಟಿ ಪ್ರಾಣಿ, ಹಾಗಾಗಿ ಇಲ್ಲಿ ಅಂಥ ಕಟ್ಟುಪಾಡು ಬೇಕಿಲ್ಲ ಅಂತ ವಾದ ಮಾಡೋರಿದ್ದಾರೆ. ಇರಬಹುದು. ಆದರೆ ಒಂಟಿ ಪ್ರಾಣಿಗೆ ಸುಸ್ತಾಗಲ್ವಾ?

ಇನ್ನು ನಮ್ಮೂರಿನ ಕಥೆ. ಭಾರತದಲ್ಲಿ ಬಿದ್ದ ಜಿಂಕೆ ಕೊಂಬನ್ನ ಕಾಡಿನಿಂದ ತರೋ ಹಾಗೇ ಇಲ್ಲ, ಮಾರೋದಂತೂ ದೂರದ ಮಾತು. ಇಲ್ಲಿಗೆ ಬಂದ ಹೊಸದರಲ್ಲಿ ಈ ಕಾನೂನನ್ನ ನಾನು ಬಹಳ ಆಡಿಕೊಂಡಿದ್ದೆ. ಅಮೆರಿಕದವರನ್ನ ನೋಡ್ರೀ, ಮರದ ಎಲೆ ಉದುರಿದ ಹಾಗೆ ಉದುರೋದನ್ನ ಎತ್ತಿಕೊಳ್ಳೋಕೆ ಬಿಡ್ತಾರೆ, ನಮ್ಮಲ್ಲಿ ಅದಕ್ಕೂ ಕೇಸು, ಜೈಲು ಅಂತ. ಆಮೇಲೆ ಎರಡು ವಿಷಯ ತಿಳೀತು. ಮೊದಲನೆಯದು ಬೆಂಕಿ. ಬಂಡೀಪುರ, ಮುದುಮಲೆಯ ಕಡೆ ಬೇಸಿಗೆಯಲ್ಲಿ ಕಾಡಿಗೆ ಬೀಳೋ ಬೆಂಕಿಗೆ ಕೊಂಬು ಆರಿಸೋದೂ ಒಂದು ಕಾರಣವಾಗಿತ್ತು. ಒಣಹುಲ್ಲಿನಲ್ಲಿ ಕೊಂಬು ಕಾಣಲ್ಲ. ಹುಲ್ಲು ಸುಟ್ಟರೆ ಕರಿ ನೆಲದ ಮೇಲೆ ಎದ್ದು ಕಾಣತ್ತೆ! ಆ ಕೆಲಸ ಮಾಡಿದವನಿಗೆ ಸಿಕ್ಕಿದ್ದು ನಾಲ್ಕು ಕಾಸು, ದುಡ್ಡು ಹೋಗಿದ್ದು ಗುಂಡಿ, ಚಾಕು ಹಿಡಿಕೆ ರಫ್ತು ಮಾಡಿದವರಿಗೆ. ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವನು ಹೊಟ್ಟೆಪಾಡಿಗೆ ಹುಲ್ಲು ಸುಟ್ಟ, ನಾನು ಫೋಟೋಗೆ ಬಸುರಿ ಮೂಸ್ ಓಡಿಸಿದೆ.

ಎರಡನೆಯದು ಮನೆಯ ವಿಷಯ. ಬರೆಯಲೋ ಬೇಡವೋ ಅಂತ ಯೋಚಿಸಿ, ಬರೀತಿದೀನಿ.

ಊರಲ್ಲಿ ನಮ್ಮ ಮನೆ ಜಗಲಿಯಲ್ಲಿ ಒಂದು ಜೊತೆ ಕಡವೆ ಕೊಂಬು ಇದೆ. ಅಜ್ಜನ ಕಾಲದ್ದು. ಚಿಕ್ಕಂದಿನಿಂದ ಕೇಳಿದ ಕಥೆ ಒಂದೇ. ಅಜ್ಜ ದರಕು ಗುಡಿಸೋಕೆ ಬೆಟ್ಟಕ್ಕೆ ಹೋದಾಗ ಹಳ್ಳದ ಬದಿಯಲ್ಲಿ ಉದುರಿ ಬಿದ್ದಿದ್ದವು, ಹೊತ್ತು ತಂದರು. 1972ರ ಕಾಯ್ದೆ ಬಂದ ಮೇಲೆ ಅದಕ್ಕೆ ಸರ್ಟಿಫಿಕೇಟೂ ಮಾಡಿಸಿಟ್ಟಿದ್ದರು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಗಲಾಟೆ ಆಯ್ತಲ್ಲ, ಟೀವಿಯಲ್ಲಿ ದಿನವಿಡೀ ಅದೇ, ಆಗ ಅಪ್ಪಯ್ಯ ಹೆದರಿ ಟ್ರಂಕೆಲ್ಲ ತೆಗೆದು ಹುಡುಕಿ, ಕೊನೆಗೆ ಹಳೇ ಪಂಚಾಂಗದ ಒಳಗೆ ಆ ಕಾಗದ ಸಿಕ್ಕಿ, ಫೋನಿನಲ್ಲಿ ನನಗೆ ಓದಿ ಹೇಳಿದ್ದರು.

ಮೂಸ್ ಕೊಂಬಿನ ಬಗ್ಗೆ ಓದ್ತಾ ಓದ್ತಾ ಒಂದು ಗೊತ್ತಾಯ್ತು. ತಾನಾಗಿ ಉದುರಿದ ಕೊಂಬಿನ ಬುಡ ಗುಂಡಗೆ, ಒರಟಾಗಿ, ಪಾಕ ಒಣಗಿದ ಹಾಗಿರತ್ತೆ. ಕೊಂದು ತೆಗೆದದ್ದಾದರೆ ಬುಡದಲ್ಲಿ ತಲೆಬುರುಡೆಯ ಚೂರು ಇರತ್ತೆ, ಅಥವಾ ಗರಗಸದ ಗುರುತು. ಕಾಡಿನಲ್ಲಿ ಎತ್ತಿಕೊಂಡಾಗ ಇದನ್ನ ಮಕ್ಕಳೂ ಗುರುತಿಸಬಹುದು. ಆದರೆ ತುಂಡು ಮಾಡಿ ಗುಂಡಿ, ಹಿಡಿಕೆ ಮಾಡಿದ ಮೇಲೆ ಬ್ರಹ್ಮನಿಗೂ ಗೊತ್ತಾಗಲ್ಲ. 'ಬಿದ್ದಿದ್ದು ಸಿಕ್ಕಿದ್ದು' ಅಂತ ಯಾರು ಬೇಕಾದರೂ ಹೇಳಬಹುದು. ನಮ್ಮ ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿರೋದಕ್ಕೆ ಅರ್ಥ ಇದೆ ಅಂತ ಆಗ ಅನ್ನಿಸಿತು. ಹಾಗೇ ಒಂದು ಕುತೂಹಲ. ಅಪ್ಪಯ್ಯಂಗೆ ಫೋನ್ ಮಾಡಿ, "ಜಗಲಿ ಕೊಂಬು ಒಂದು ಸಲ ಇಳಿಸಿ, ಹಲಗೆಯ ಹಿಂದೆ ಏನಿದೆ ನೋಡಿ" ಅಂದೆ.

"ಈಗ ಎಂತಕ್ಕಾ?" ಅಂದರು. ಸ್ಟೂಲ್ ಹಾಕಿ ಇಳಿಸಿದರು. ಸ್ವಲ್ಪ ಹೊತ್ತು ಏನೂ ಮಾತಿಲ್ಲ.

"ಎರಡೂ ಕೊಂಬು ಒಂದೇ ಎಲುಬಿಗೆ ಕೂಡಿಕೊಂಡಿದೆ ಮಾರಾಯ. ಬುರುಡೆ ಚೂರು. ಅದಕ್ಕೇ ಮೊಳೆ ಹೊಡೆದಿದ್ದಾರೆ."

ನಾನು ಏನೂ ಹೇಳಲಿಲ್ಲ. ಅವರೇ ಅಂದರು, "ಅಜ್ಜ ಇಲ್ಲ ಈಗ, ಕೇಳಕ್ಕೆ."

ಅಜ್ಜ ಕೋವಿ ಮುಟ್ಟಿದವರಲ್ಲ ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಈಗಲೂ ಬೇರೆ ಯಾರೋ ಹೊಡೆದದ್ದನ್ನ ಇವರು ಇಟ್ಟುಕೊಂಡಿರಬಹುದು, ಹುಲಿ ತಿಂದು ಬಿಟ್ಟಿದ್ದೂ ಇರಬಹುದು, ನನಗೆ ಗೊತ್ತಿಲ್ಲ. ಆದರೆ ಉದುರಿದ್ದಂತೂ ಅಲ್ಲ. ಅಪ್ಪಯ್ಯ ಅದನ್ನ ವಾಪಸ್ ಗೋಡೆಗೆ ಹಾಕಿಲ್ಲವಂತೆ, ಅಟ್ಟದ ಮೇಲಿದೆಯಂತೆ, ಕಾಗದದ ಸಮೇತ.

ಹಾಗಾದರೆ ನನ್ನ ಹತ್ತಿರ ಮೂಸ್ ಕೊಂಬೇ ಇಲ್ವಾ ಅಂತ ಕೇಳ್ತೀರಿ. ಇದೆ, ಒಂದೇ ಒಂದು. ಹೋದ ಮೇ ಕೊನೆಯಲ್ಲಿ ಸಿಕ್ಕಿದ್ದು. ಹಿಮ ಪೂರ್ತಿ ಕರಗಿ, ಕಪ್ಪು ನೊಣದ ಕಾಟ ಶುರುವಾಗಿ, ಪಾಪ್ಲರ್ ಮರ ಚಿಗುರಿ, ಮೂಸ್‌ಗಳಿಗೆ ತಿನ್ನೋಕೆ ಬೇಕಾದಷ್ಟು ಆದ ಮೇಲೆ. ಮಗಳೇ ನೋಡಿದ್ದು, ಜೌಗಿನ ಅಂಚಿನಲ್ಲಿ ಪಾಚಿಯಿಂದ ಎರಡು ಬೆರಳು ಹೊರಗೆ ಚಾಚಿದ ಹಾಗಿತ್ತು. ನಾಲ್ಕು ಕೇಜಿ ಇರಬಹುದು. ಬುಡ ನೋಡಿದೆ, ಗುಂಡಗಿತ್ತು. ಒಂದು ಅಂಚನ್ನ ಇಲಿಯೋ ಅಳಿಲೋ ಸಾಲಾಗಿ ಕಡಿದಿತ್ತು. ವ್ಯಾಪಾರಿ ಇದಕ್ಕೆ ಮೂರು ಕಾಸೂ ಕೊಡಲ್ಲ. ಇನ್ನೊಂದು, ಅರ್ಧ ತಿಂದು ಮುಗಿಸಿದ್ದು, ಸ್ವಲ್ಪ ದೂರದಲ್ಲೇ ಇತ್ತು. ಅದನ್ನ ಅಲ್ಲೇ ಬಿಟ್ಟು ಬಂದ್ವಿ, "ಅವು ಇನ್ನೂ ತಿಂತಾ ಇವೆ ಅಲ್ವಾ ಅಪ್ಪ?" ಅಂದಳು ಮಗಳು. ನನ್ನದನ್ನ ಹಿತ್ತಲಿನ ಡೆಕ್ ಮೇಲೆ ಇಟ್ಟಿದ್ದೀನಿ. ನಮ್ಮ ಮನೆಯ ಅಳಿಲುಗಳೂ ಅದನ್ನ ಕಂಡುಹಿಡಿದಿವೆ, ದಿನಾ ಬೆಳಿಗ್ಗೆ ಕರಕರ ಸದ್ದು. ಇವಳು "ಒಳಗಾದ್ರೂ ತಂದಿಡಿ, ಇಲ್ಲಾಂದ್ರೆ ಅಷ್ಟೂ ಮುಗಿಸ್ತವೆ" ಅಂತಾಳೆ. ನಾನಿನ್ನೂ ಒಳಗೆ ತಂದಿಲ್ಲ.

ಶನಿವಾರ ಹೋಗೋರು ಹೋಗಿ, ನಾನು ಜಗಳಕ್ಕೆ ಬರಲ್ಲ. ಹೋಗೋ ಮುಂಚೆ ಇದನ್ನೊಮ್ಮೆ ಓದಿದರೆ ಸಾಕು. ನಾವಂತೂ ಮೇ ಕೊನೆಯ ವಾರಾಂತ್ಯಕ್ಕೆ ಎರ್ರಲ್ ಕಡೆ ಹೊರಡ್ತೀವಿ. ಸಂಜೆ ಹದಿಮೂರು ಮೈಲಿ ಕಾಡಿನಲ್ಲಿ ಮೂಸ್ ನೋಡೋದು, ಬೆಳಿಗ್ಗೆ ಜೌಗಿನ ಬದಿ ಸುತ್ತೋದು, ಕೊಂಬು ಸಿಕ್ಕಿದರೆ ಸಿಕ್ತು. ಬರೋರಿದ್ದರೆ ಕೆಳಗೆ ಕಾಮೆಂಟ್ ಹಾಕಿ. ಸೊಳ್ಳೆ ಎಣ್ಣೆ ತನ್ನಿ, ನಾಯಿ ತರಬೇಡಿ. ಪುಳಿಯೋಗರೆ ನಮ್ಮದು.